ಬೆನ್ನು ಹತ್ತಿದ ಪರೀಕ್ಷೆ

ಪೊಲೀಸರನ್ನು ಕಂಡು ಓಡುವ ಹುಡುಗರನ್ನು ನೀವು ನೋಡಿರಬಹುದು. ಆದರೆ ಪೊಲೀಸರ ಎದುರು ಎದೆ ಸೆಟೆಸಿ ನಿಂತ ಹುಡುಗರು ಒಬ್ಬ ಬಡಕಲು ಮನುಷ್ಯನನ್ನು ಕಂಡೊಡನೆ ಬದು ಹಾರಿ, ಬೇಲಿ ನುಸುಳಿ, ಕಾಲಿಗೆ ಬುದ್ಧಿ ಹೇಳುವುದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಆ ಬಡಕಲು ಮನುಷ್ಯ ನಮ್ಮ ಕಾಕಾ! ಅವನ ಕೈಯಲ್ಲಿ ಬಡಿಗೆ ಇರುತ್ತಿರಲಿಲ್ಲ, ಬೇಡಿಯಂತೂ ಇಲ್ಲವೇ ಇಲ್ಲ. ಬಗಲಚೀಲದಲ್ಲಿ ನಾಲ್ಕು ಜೋಳದ ರೊಟ್ಟಿ, ಹಚ್ಚಿಕೊಂಡು ತಿನ್ನಲಿಕ್ಕೆ ಒಂದಿಷ್ಟು ಶೇಂಗಾ ಹಿಂಡಿ, ಮತ್ತೊಂದು ಪ್ರಶ್ನೆಪತ್ರಿಕೆ. ಹುಡುಗರು ಓಡುತ್ತಿದ್ದುದು ಆ ಮೂರನೆಯದಕ್ಕೆ.

ಕಾಕಾನ ಹೆಸರು ನಾನು ಹೇಳುವುದಿಲ್ಲ. ಅವನ ಹೆಸರು ಹೇಳಿದರೆ ಅವನ ಹುಡುಗರ ಗುರುತು ಹತ್ತೀತು, ಗುರುತು ಹತ್ತಿದರೆ ಅವರಿಗೆ ಹೆಣ್ಣು ಸಿಗಲಿಕ್ಕಿಲ್ಲ, ಕೆಲಸ ಸಿಗಲಿಕ್ಕಿಲ್ಲ ಎಂದು ಅವನ ಕಟ್ಟಪ್ಪಣೆ. ಯಾಕೆಂದರೆ ಕಾಕಾ ಮಾಸ್ತರಿಕೆ ಮಾಡುತ್ತಿದ್ದುದು ರಿಮಾಂಡ್ ಹೋಮಿನಲ್ಲಿ. ತಪ್ಪು ಮಾಡಿ ಸಿಕ್ಕವರು, ಇನ್ನೊಬ್ಬರ ತಪ್ಪಿಗೆ ಸಿಕ್ಕವರು, ಮನೆ ಬಿಟ್ಟು ಓಡಿಬಂದು ಸ್ಟೇಶನ್ನಿನಲ್ಲಿ ಮಲಗಿದ್ದಷ್ಟಕ್ಕೇ ಸಿಕ್ಕವರು, ಹೀಗೆ ಎಲ್ಲ ಹುಡುಗರನ್ನೂ ತಂದು ಒಂದೇ ಗಾಣಕ್ಕೆ ಹಾಕುವ ಸರಕಾರಿ ಮನೆ ಅದು. ಅಣ್ಣಿಗೇರಿಯ ಕಾಕಾನ ಮನೆಯಿಂದ ಪ್ಯಾಸೆಂಜರ್ ಗಾಡಿ ಹಿಡಿದು ದಿನಾ ಹೋಗಿ ಬರುವಷ್ಟು ದೂರದಲ್ಲಿತ್ತು. ಊರ ಹೆಸರೂ ಬೇಡ ಬಿಡಿ.

ಇದೆಲ್ಲ ಎಂಬತ್ತರ ದಶಕದ ಮಾತು. ನಾನಾಗ ಕಾಕಾನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ನನ್ನ ಅಕ್ಷರ ದುಂಡಗಿದ್ದವು, ಅದೇ ನನ್ನ ಗ್ರಹಚಾರ! ಕಾಕಾನ ಅಕ್ಷರ ಓದಲಿಕ್ಕೆ ಕಾಕಾನೇ ಕನ್ನಡಕ ಒರೆಸಿಕೊಳ್ಳಬೇಕು. ಹಾಗಾಗಿ ಅವನ ಸಾಲಿಯ ಕಾಗದಪತ್ರವೆಲ್ಲ ನನ್ನ ಕೊರಳಿಗೆ ಬಿತ್ತು. ಅವುಗಳಲ್ಲಿ ಮುಖ್ಯವಾದದ್ದು ಪ್ರಗತಿ ಪತ್ರಕ. ಅದರಲ್ಲಿ ಮೂರು ಕಾಲಮ್ಮು. ಹುಡುಗ ಬಂದಾಗ ಪರೀಕ್ಷೆಯಲ್ಲಿ ಎಷ್ಟು ಅಂಕ, ಹೋಗುವಾಗ ಎಷ್ಟು ಅಂಕ, ಆದ ಪ್ರಗತಿ ಎಷ್ಟು. ಎಷ್ಟು ಸರಳ ನೋಡಿ! ಅದನ್ನು ಮಾಡಿದವರು ಬಲು ಶಾಣ್ಯಾರು. ಆದರೆ ಹುಡುಗ ಯಾವತ್ತು ಹೋಗುತ್ತಾನೆ ಎಂಬುದು ಹುಡುಗನಿಗೂ ಗೊತ್ತಿಲ್ಲ, ಮಾಸ್ತರಿಗೂ ಗೊತ್ತಿಲ್ಲ ಅನ್ನುವುದೊಂದನ್ನು ಅವರು ಮರೆತಿದ್ದರು. ಏಳರ ಮಗ್ಗಿ ಹೇಳುತ್ತ ನಿಂತ ಹುಡುಗ ‘ಏಳೊಂದ್ಲೆ ಏಳು, ಏಳೆರಡ್ಲೆ’ ಅನ್ನುವುದರೊಳಗೆ ಬಾಗಿಲಲ್ಲಿ ಸಿಪಾಯಿ ಬಂದು ನಿಲ್ಲುತ್ತಿದ್ದ.

“ಏ ಹುಡುಗಾ, ನಿಂದ ಆರ್ಡರ್ ಬಂತು, ನಡಿ!”

ಹುಡುಗ ಹೋದ. ಹದಿನಾಲ್ಕು ಅಲ್ಲೇ ಉಳಿಯಿತು.

ಹೀಗಾಗಿ ನಾನು ವರ್ಷವಿಡೀ ಬರೆದದ್ದು ಮೊದಲನೇ ಕಾಲಮ್ಮು ಒಂದೇ. ಉಳಿದೆರಡು ಬೋಳು ಬೋಳು. ಹಿಂದಿನ ಸಾಹೇಬರು ಅದನ್ನು ನೋಡುತ್ತಲೂ ಇರಲಿಲ್ಲ, ಚಹಾ ಕುಡಿದು ಸಹಿ ಹೊಡೆಯುತ್ತಿದ್ದರು. ಆ ವರ್ಷ ಹೊಸ ಸಾಹೇಬರು ಬಂದರು. ಅವರು ಚಹಾ ಕುಡಿಯುತ್ತಿರಲಿಲ್ಲ! ಬೋಳು ಕಾಲಮ್ಮುಗಳ ಮೇಲೆ ಬೆರಳಿಟ್ಟು, “ಮಾಸ್ತರ, ಇಷ್ಟು ವರ್ಷ ಇಲ್ಲೆ ಏನ ಮಾಡೀರಿ?” ಎಂದು ಕೇಳಿದರು. ಮಾರ್ಚ್ ಮುಗಿಯುವುದರೊಳಗೆ ಒಬ್ಬ ಹುಡುಗನ ಪ್ರಗತಿಯನ್ನಾದರೂ ಕಾಗದದ ಸಮೇತ ತೋರಿಸಬೇಕು, ಇಲ್ಲವಾದರೆ ಕ್ಲಾಸು ಬಂದ್ ಎಂದು ಹೇಳಿ ಹೋದರು.

ಕ್ಲಾಸು ಬಂದಾದರೆ ಕಾಕಾನ ನೌಕರಿಯೇನೂ ಹೋಗುತ್ತಿರಲಿಲ್ಲ. ಮನೆಯ ಬಾಜೂಕಿನ ಯಾವುದಾದರೂ ಕನ್ನಡ ಸಾಲಿಗೆ ಹಾಕುತ್ತಿದ್ದರು. ಗಾಡಿಯ ಓಡಾಟ ತಪ್ಪುತ್ತಿತ್ತು, ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿತ್ತು. ಕಾಕಾನ ಹೆಂಡತಿ, ಅಂದರೆ ನಮ್ಮ ಚಿಗವ್ವ, ಎರಡು ಸೋಮವಾರ ಅದಕ್ಕಾಗಿಯೇ ಒಪ್ಪತ್ತು ಮಾಡಿದಳು. ಆದರೆ ಕಾಕಾನ ನಿದ್ದೆ ಹಾರಿಹೋಯಿತು. ಆ ಹೋಮಿನಲ್ಲಿ ಹಗಲು ಹೊತ್ತು ಕೀಲಿ ಹಾಕದ ಕೋಣೆ ಅದೊಂದೇ ಇತ್ತಂತೆ. ದಿನಕ್ಕೆ ನಾಲ್ಕು ತಾಸು. “ಅದನ್ನೂ ಮುಚ್ಚಿದ್ರ ಆ ಕೂಸುಗಳು ಗ್ವಾಡಿ ನೋಡಕೋತ ಕುಂದರಬೇಕು ತಂಗೀ,” ಎಂದು ನನಗೆ ಹೇಳಿದ. ಅವತ್ತಿನಿಂದ ನಮ್ಮ ಕಾಕಾನಿಗೆ ಅಳೆಯುವ ಹುಚ್ಚು ಹಿಡಿಯಿತು.

ಹುಚ್ಚು ಅಂದರೆ ಎಂಥದು ಅಂತೀರಿ! ಚಿಗವ್ವ ಬಡಿದ ಮೊದಲ ರೊಟ್ಟಿಯನ್ನೂ ಕೊನೆಯ ರೊಟ್ಟಿಯನ್ನೂ ಬಾಜುಬಾಜು ಇಟ್ಟು ಪ್ರಗತಿ ನೋಡಿದ. “ಮೊದಲಿಂದs ದುಂಡಗಿತ್ತು. ಹಿಂದ ಬಿದ್ದಿ ನೀ!” ಅಂದ. ಚಿಗವ್ವ ಲಟ್ಟಣಿಗೆ ತೋರಿಸಿ, “ಇದರಿಂದ ಒಂದ ಕೊಟ್ರ ನಿಮ್ಮ ಪ್ರಗತಿ ಆಗತೈತಿ ನೋಡ್ರಿ,” ಅಂದಳು. ಬೀಗರು ಮನೆಗೆ ಬಂದರೆ ಬಂದಾಗೊಂದು ಲೆಕ್ಕ, ಹೋಗುವಾಗ ಅದೇ ಲೆಕ್ಕ. ನಮ್ಮ ದೊಡ್ಡ ಸ್ವಾದರಮಾವನಂತೂ ನಾಲ್ಕು ದಿನ ಇರಲಿಕ್ಕೆ ಬಂದವ ಎರಡನೇ ದಿನ ಬೆಳಿಗ್ಗೆಯೇ ಚಪ್ಪಲಿ ಮೆಟ್ಟಿದ. ಅವನ ಮೂರನೇ ಕಾಲಮ್ಮೂ ಬೋಳಾಗಿಯೇ ಉಳಿಯಿತು.

ಮನೆಯವರ ಪಾಡು ಹೀಗಾದರೆ ಹೋಮಿಗೆ ಬಂದ ಹುಡುಗರದು ಬೇರೆಯೇ ಕಥೆ. ಹೊರಗೆ ಯಾರೋ ಹಿರಿಯರು ಅವರಿಗೆಲ್ಲ ಒಂದು ಪಾಠ ಕಲಿಸಿ ಕಳಿಸಿರುತ್ತಿದ್ದರು. ಯಾರು ಏನು ಕೇಳಿದರೂ ‘ಗೊತ್ತಿಲ್ರಿ’ ಅನ್ನು, ಮುಗೀತು! ಪಾಪ, ಕಾಕಾನ ಪರೀಕ್ಷೆಯೂ ಅವರಿಗೆ ಪೊಲೀಸ್ ವಿಚಾರಣೆಯೇ. ಒಂದು ಸಂಜೆ ಕಾಕಾ ಊಟದ ಮುಂದೆ ಹೇಳಿದ.

“ಇವತ್ತ ಒಂದ ಬಂದೈತಿ. ನಿನ್ನ ಹೆಸರೇನಪಾ ಅಂದೆ, ಗೊತ್ತಿಲ್ರಿ ಅಂತು. ಊರ ಯಾವುದಪಾ ಅಂದೆ, ಗೊತ್ತಿಲ್ರಿ. ಆತು, ಎರಡು ಎರಡು ಕೂಡಿದ್ರ ಎಷ್ಟು ಅಂದೆ. ಏನಂದಿರಬೇಕು ಹೇಳ್ರಿ?”

“ಗೊತ್ತಿಲ್ರಿ ಅಂದಿರತೈತಿ,” ಎಂದೆ ನಾನು.

“ಅಲ್ಲ! ‘ಎರಡು ಎರಡು ಕೂಡೂ ಹೊತ್ತಿಗೆ ನಾ ಅಲ್ಲಿ ಇರಲೇ ಇಲ್ರಿ ಸಾಹೇಬ್ರ’ ಅಂತು!”

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಚಿಗವ್ವ, “ವಯಸ್ಸ ಎಷ್ಟ್ರೀ ಅದಕ್ಕ?” ಎಂದು ಕೇಳಿದಳು. ಒಂಬತ್ತು ಎಂದ ಕಾಕಾ. ಅವನ ಮುಂದೆ ಉತ್ತರ ಬರೆಯುವ ಕಾಗದ ಇಟ್ಟಾಗ ಆ ಹುಡುಗ ಪೆನ್ಸಿಲ್ ಮುಟ್ಟದೆ ಎಡಗೈ ಹೆಬ್ಬೆರಳು ಚಾಚಿದನಂತೆ.

ಇನ್ನು ಬಸ್ಸಿನ ಹುಡುಗನ ಸಂಗತಿ. ಅವನು ಹೋಮಿಗೆ ಬರುವ ಮೊದಲು ಬಸ್ ಸ್ಟ್ಯಾಂಡಿನಲ್ಲೇ ಬೆಳೆದವ. ಕ್ಲಾಸಿನ ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಎರಡು ತಿಂಗಳು ಕಲಿತದ್ದೇ ತಡ, ದೂರದಲ್ಲಿ ಬಸ್ಸು ಕಂಡೊಡನೆ ‘ನವಲಗುಂದ! ಕುಂದಗೋಳ! ಕಲಘಟಗಿ!’ ಎಂದು ಬೋರ್ಡು ಓದತೊಡಗಿದ. ಕಾಕಾನ ಹಿಗ್ಗು ಹೇಳತೀರದು. ಓದಿಗೆ ಹತ್ತಕ್ಕೆ ಹತ್ತು ಕೊಟ್ಟೇಬಿಟ್ಟ. ಒಂದು ಶನಿವಾರ ಮಧ್ಯಾಹ್ನ ಕಾಕಾನಿಗೆ ಕುಂದಗೋಳಕ್ಕೆ ಹೋಗಬೇಕಿತ್ತು. ಕನ್ನಡಕದ ಕಾಲು ಮುರಿದಿತ್ತು. ಸುಶಿಕ್ಷಿತ ಶಿಷ್ಯನಿರುವಾಗ ಚಿಂತೆ ಯಾತಕ್ಕೆ? ಕಿಟಕಿಯ ಹೊರಗೆ ನಿಂತು ಅವನನ್ನೇ ಕೇಳಿದ. “ಅದs ರೀ ಕುಂದಗೋಳದ್ದು, ಹತ್ರಿ!” ಎಂದ ಶಿಷ್ಯ. ಗುರು ಹತ್ತಿ ಕುಳಿತು ನಿದ್ದೆ ಹೊಡೆದ. ಎಚ್ಚರಾದಾಗ ಕಲಘಟಗಿಯಲ್ಲಿದ್ದ!

ಸೋಮವಾರ ಹೋಗಿ ಕೇಳಿದರೆ ಹುಡುಗ ಏನೂ ಅಳುಕದೆ ಹೇಳಿದನಂತೆ. “ಬಲಗಡಿ ದೀಪ ಒಡದದ್ದು ಕುಂದಗೋಳದ್ದು ರಿ. ಮೂತಿ ನೆಗ್ಗಿದ್ದು ನವಲಗುಂದದ್ದು. ಅವತ್ತ ಡಿಪೋದವ್ರು ಗಾಡಿ ಬದಲ ಮಾಡಿರಬೇಕ್ರಿ.”

ಕಾಕಾ ಆ ಹತ್ತು ಅಂಕವನ್ನು ತನ್ನ ಕೈಯಾರೆ ಹೊಡೆದುಹಾಕಿದ. ಸಿಟ್ಟು ಬಂದದ್ದು ನನಗೆ. “ಬಿಡು ಕಾಕಾ, ಸಾಹೇಬ್ರಿಗೆ ಏನ ಗೊತ್ತಾಗತೈತಿ?” ಎಂದೆ. ಚಿಗವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಯಾವುದರ ಒಂದ ಹುಡುಗನ ಮುಂದ ಒಂದ ಅಂಕಿ ಬರದ ಒಗೀರಿ. ಏನ ಗಂಟ ಹೋಗತೈತಿ?” ಎಂದಳು. ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ಸುಳ್ಳ ಹೇಳಿದ್ದಕ್ಕ ಒಳಗ ಬಂದ ಕುಂತಾವ ಹುಡುಗೂರು. ನಾ ಸುಳ್ಳ ಬರದು ಹೊರಗ ಅಡ್ಡಾಡ್ಲೇನು?”

ಇಂಥವನ ಸಂಗಡ ಬಾಳುವೆ ಮಾಡಿದ ಚಿಗವ್ವನಿಗೆ ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ಕೊಡಬೇಕು, ನೀವೇ ಹೇಳಿ.

ಹೋಗುವಾಗ ಪರೀಕ್ಷೆ ಬರೆಯದೆ ಹೋದವರನ್ನು ಹೋದಲ್ಲೇ ಹಿಡಿದು ಬರೆಸುವುದು ಎಂಬ ಉಪಾಯ ಕಾಕಾನಿಗೆ ಹೊಳೆದದ್ದು ಆಗಲೇ. ಸಾಹೇಬರೂ ಹೂಂ ಅಂದರು, ಆದರೆ ಹುಡುಗ ತನ್ನ ಕೈಯಾರೆ ಬರೆದ ಕಾಗದ ಬೇಕು ಎಂದರು. ಅಲ್ಲಿಂದ ರವಿವಾರ ಬಂತೆಂದರೆ ಕಾಕಾ ಬಗಲಚೀಲ ಹಾಕಿಕೊಂಡು ಊರೂರು ತಿರುಗತೊಡಗಿದ. ಹುಡುಗರು ಬಿಟ್ಟು ಹೋದ ಸಾಲಿಯೇ ಅವರ ಬೆನ್ನು ಹತ್ತಿ ಹಳ್ಳಿಗೆ ಬಂದರೆ ಯಾರು ನಿಂತಾರು? ಸಂಶಿಗೆ ನಾನೂ ಜೊತೆಗೆ ಹೋಗಿದ್ದೆ. ಮೆಣಸಿನಕಾಯಿ ಹೊಲದಲ್ಲಿ ಕಸ ಕೀಳುತ್ತಿದ್ದ ಹುಡುಗ ತಲೆ ಎತ್ತಿ ಕಾಕಾನನ್ನು ನೋಡಿದ, ಚೀಲವನ್ನು ನೋಡಿದ, ಆಮೇಲೆ ನಮಗೆ ಕಂಡದ್ದು ಅವನ ಬೆನ್ನು ಮಾತ್ರ. ಕಾಕಾ ಎರಿಮಣ್ಣಿನಲ್ಲಿ ಚಪ್ಪಲಿ ಕಳೆದುಕೊಂಡು, “ಏ ನಿಲ್ಲಪಾ, ಬರೇ ಐದ ಪ್ರಶ್ನೆ ಅದಾವು!” ಎಂದು ಕೂಗುತ್ತ ಅರ್ಧ ಹೊಲ ಓಡಿದ.

ಓಣಿಯ ಮಂದಿ ನಮ್ಮನ್ನು ಸುತ್ತುಗಟ್ಟಿದರು. ಯಾರು ನೀವು, ಹುಡುಗನನ್ನು ಯಾಕೆ ಅಟ್ಟಿಸಿಕೊಂಡು ಹೋದಿರಿ? ರಿಮಾಂಡ್ ಹೋಮಿನ ಮಾಸ್ತರ ಎಂದರೆ ಹುಡುಗನ ಮಾನ ಹೋಗುತ್ತದೆ, ಸುಳ್ಳು ಹೇಳಿದರೆ ಕಾಕಾನ ಮಾನ ಹೋಗುತ್ತದೆ. ಕಾಕಾ ಬಹಳ ವಿಚಾರ ಮಾಡಿ, “ಸರಕಾರದ ಕೆಲಸಕ್ಕ ಬಂದೀವ್ರಿ. ಹೆಸರ ಬರಕೊಂಡು ಹೋಗೂದೈತಿ,” ಎಂದ. ಆಗೆಲ್ಲ ಸರಕಾರದ ಕೆಲಸಕ್ಕೆ ಹಳ್ಳಿಗೆ ಬಂದು ಹೆಸರು ಬರೆದುಕೊಳ್ಳುವವರು ಅಂದರೆ ಒಂದೇ ಅರ್ಥ, ಮಕ್ಕಳಾಗದಂತೆ ಆಪರೇಶನ್ ಮಾಡಿಸಲಿಕ್ಕೆ ಗಂಡಸರನ್ನು ಹಿಡಿಯುವವರು! ನೋಡ ನೋಡುತ್ತಿದ್ದಂತೆ ಓಣಿಯಲ್ಲಿ ಒಬ್ಬ ಗಂಡಸೂ ಉಳಿಯಲಿಲ್ಲ. ಒಬ್ಬ ಮುದುಕ ಮಾತ್ರ ಕಟ್ಟೆಯ ಮೇಲೆ ಕುಳಿತು, “ನಂದ ಬರಕೊಳ್ರಿ, ನನಗೇನ ಹೆದರಿಕಿಲ್ಲ,” ಎಂದು ಬಾಯಿ ಬಿಟ್ಟು ನಕ್ಕ.

ಮಿಶ್ರಿಕೋಟಿಯಲ್ಲಿ ಮಾತ್ರ ಶಿವ ಕಣ್ಣು ತೆರೆದ ಅಂದುಕೊಂಡೆವು. ಅಲ್ಲಿಯ ಹುಡುಗ ಓಡಲಿಲ್ಲ. ಓಡುವ ಹಾಗಿರಲಿಲ್ಲ, ಮೊಣಕಾಲ ತನಕ ಭತ್ತದ ಗದ್ದೆಯಲ್ಲಿ ನಿಂತು ನಾಟಿ ಹಚ್ಚುತ್ತಿದ್ದ. ಹೊಲದ ಯಜಮಾನ ಅವನನ್ನು ಮೇಲೆ ಬರಗೊಡಲಿಲ್ಲ. ಮೇಲೆ ಜಿಟಿಜಿಟಿ ಮಳೆ. ಕಾಗದ ತೆಗೆದರೆ ತೊಪ್ಪೆಯಾಗುತ್ತಿತ್ತು. ಕಾಕಾ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಶಬ್ದ ಹೇಳಿದ. ಹುಡುಗ ಸಾಲು ಮುಗಿಸಿ ಬದುವಿಗೆ ಬಂದಾಗೊಮ್ಮೆ ಹಸಿ ಮಣ್ಣಿನಲ್ಲಿ ಬೆರಳಿನಿಂದ ಒಂದು ಶಬ್ದ ಬರೆದ. ಹತ್ತರಲ್ಲಿ ಏಳು ಸರಿ! ಬಂದಾಗ ಒಂದೂ ಬಂದಿರಲಿಲ್ಲ. ಕಾಕಾ ತೊಯ್ದ ಕೋಳಿಯಾಗಿ ಮನೆಗೆ ಬಂದರೂ ಮುಖದ ತುಂಬ ನಗು. ನಾನು ಮೊದಲ ಸಲ ಮೂರನೇ ಕಾಲಮ್ಮಿನಲ್ಲಿ ಏಳು ಎಂದು ಬರೆದೆ.

ಎಂಟು ದಿನಕ್ಕೆ ಪತ್ರಕ ವಾಪಸು ಬಂತು. ‘ಉತ್ತರಪತ್ರಿಕೆ ಲಗತ್ತಿಸಿರುವುದಿಲ್ಲ’ ಎಂದು ಕೆಂಪು ಮಸಿಯಲ್ಲಿ ಷರಾ.

“ಗದ್ದಿ ಕಿತ್ತು ರಜಿಸ್ಟರ್ ಟಪಾಲಿನ್ಯಾಗ ಕಳಸಲೇನು!” ಎಂದು ಕಾಕಾ ಒದರಿದ. ಅವನು ಸಿಟ್ಟಿಗೆದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮರು ರವಿವಾರ ಕಾಗದ ಹಿಡಿದು ಮತ್ತೆ ಮಿಶ್ರಿಕೋಟಿಗೆ ಹೋದ. ಹುಡುಗನ ಮನೆಯವರು ದುಡಿಯಲಿಕ್ಕೆ ಎತ್ತಲೋ ಹೋಗಿಬಿಟ್ಟಿದ್ದರು. ಎಲ್ಲಿಗೆ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೀಗೆ ದೀಪಾವಳಿ ಹೋಯಿತು, ಸಂಕ್ರಮಣ ಹೋಯಿತು. ಕೈಯಲ್ಲಿ ಉಳಿದವನು ಒಬ್ಬನೇ ಹುಡುಗ. ಹನ್ನೊಂದು ವರ್ಷದವ, ರೇಲ್ವೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕವ. ಬಂದು ಹತ್ತು ತಿಂಗಳಾದರೂ ಅವನನ್ನು ಕೇಳಿಕೊಂಡು ಒಂದು ನರಪಿಳ್ಳೆ ಬಂದಿರಲಿಲ್ಲ, ಹಾಗಾಗಿ ಆರ್ಡರೂ ಬಂದಿರಲಿಲ್ಲ. ಅವನ ಕೆಟ್ಟ ನಸೀಬವೇ ಕಾಕಾನ ಒಳ್ಳೆಯ ನಸೀಬ! ಬಂದಾಗ ಸೊನ್ನೆ ತೆಗೆದವನು ಈಗ ಸಣ್ಣ ಹುಡುಗರಿಗೆ ಕಥೆ ಓದಿ ಹೇಳುತ್ತಿದ್ದ. ಭಾಗಾಕಾರ ಮಾಡುತ್ತಿದ್ದ. ಮಾರ್ಚ್ ತಿಂಗಳಲ್ಲಿ ಅವನನ್ನು ಬೇರೆ ಜಿಲ್ಲೆಯ ದೊಡ್ಡ ಸಾಲಿಗೆ ಕಳಿಸುವುದೆಂದು ಗೊತ್ತಾಯಿತು. ಯಾರೂ ಬಾರದ ಹುಡುಗರನ್ನು ಕಳಿಸುವುದು ಅಲ್ಲಿಗೇ. ಹೋಗುವ ಮುಂಚೆ ಸಾಹೇಬರೇ ಖುದ್ದಾಗಿ ಬಂದು ಅವನ ಪರೀಕ್ಷೆ ಮಾಡುತ್ತೇನೆ ಎಂದರು. ಕ್ಲಾಸಿನ ಜೀವ ಅವನ ಕೈಯಲ್ಲಿದೆ ಎಂದು ಕಾಕಾ ಆ ಹುಡುಗನಿಗೆ ಹೇಳಲಿಲ್ಲ. ಎಳೇ ಕೊರಳಿಗೆ ಅಷ್ಟು ಭಾರ ಹೊರಿಸಬಾರದು ಎಂದ. ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ದೋತರ ಉಟ್ಟು, ಮೂರು ಬೊಟ್ಟಿನ ಬದಲು ಹಣೆ ತುಂಬ ವಿಭೂತಿ ಬಡಿದುಕೊಂಡು ಗಾಡಿ ಹತ್ತಿದ. ಚಿಗವ್ವ ಸಾಯಂಕಾಲಕ್ಕೆಂದು ಹೋಳಿಗೆಗೆ ಕಡಲೆಬೇಳೆ ಬೇಯಿಸಿಟ್ಟಳು.

ಸಾಯಂಕಾಲ ಕಾಕಾ ಬಂದ. ಕಾಲು ತೊಳೆಯಲಿಲ್ಲ. ಕಟ್ಟೆಯ ಮೇಲೆ ಕುಳಿತು ಆ ಹುಡುಗನ ಉತ್ತರಪತ್ರಿಕೆ ನನ್ನ ಕೈಗೆ ಕೊಟ್ಟ. ಮೇಲೆ ಸೊನ್ನೆ ಇತ್ತು.

ನಾನು ಓದಿದೆ. ಹನ್ನೆರಡೂ ಮೂರೂ ಹದಿನಾರು. ಇಪ್ಪತ್ತರಲ್ಲಿ ಐದು ಹೋದರೆ ಹದಿನಾಲ್ಕು. ಯಾವ ಲೆಕ್ಕ ನೋಡಿದರೂ ಒಂದು ಹೆಚ್ಚು, ಇಲ್ಲವೇ ಒಂದು ಕಡಿಮೆ. ಸಾಹೇಬರು ‘ಮಳೆ’ ಎಂದು ಹೇಳಿ ಬರೆಸಿದಲ್ಲಿ ‘ಬಿಸಿಲು’ ಎಂದು ಬರೆದಿದ್ದ. ‘ಹಗಲು’ ಅಂದಲ್ಲಿ ‘ರಾತ್ರಿ’. ‘ಹೋಗು’ ಅಂದಲ್ಲಿ ‘ಬಾ’. ಒಂದು ಕೊಂಬು ತಪ್ಪಿಲ್ಲ, ಒಂದು ಒತ್ತಕ್ಷರ ತಪ್ಪಿಲ್ಲ, ಅಕ್ಷರ ನನ್ನವಕ್ಕಿಂತ ದುಂಡಗೆ.

“ಕಾಕಾ, ಇವಗ ಎಲ್ಲಾ ಬರತೈತಿ! ಬರಲಾರದವಗ ಇಷ್ಟು ಚೊಕ್ಕ ತಪ್ಪು ಮಾಡಾಕ ಆಗೂದಿಲ್ಲ.”

“ಗೊತ್ತೈತಿ ತಂಗೀ. ಸಾಹೇಬ್ರಿಗೂ ಅದನ್ನs ಹೇಳಿದೆ. ಅಂಕ ಎಷ್ಟ ಬಿದ್ದಾವ ಅಂದ್ರು. ಸೊನ್ನಿ ಅಂದೆ. ಅದನ್ನs ಬರೀರಿ ಅಂದ್ರು.”

“ಹುಡುಗಗ ಕೇಳಬೇಕಿತ್ತಿಲ್ಲ, ಯಾಕ ಹಿಂಗ ಮಾಡಿದಿ ಅಂತ?”

“ಕೇಳಿದೆ,” ಎಂದ ಕಾಕಾ. ಆಮೇಲೆ ಹುಡುಗ ಹೇಳಿದ್ದನ್ನು ಹೇಳಿದ. ‘ಪರೀಕ್ಷಿ ಮುಗಿಸಿದವ್ರ ಕಡೆ ನೀವು ಹೋಗೂದಿಲ್ಲಲ್ರಿ ಮಾಸ್ತರ. ಮುಗಿಸದs ಹೋದವ್ರನ್ನಷ್ಟ ಹುಡಕ್ಕೊಂಡ ಹೋಗ್ತೀರಿ. ನನ್ನ ಹುಡಕ್ಕೊಂಡ ಬರಾವ್ರು ಯಾರೂ ಇಲ್ರಿ.’

ಕ್ಲಾಸು ಬಂದಾಯಿತು. ಕೋಣೆಗೆ ಕೀಲಿ ಬಿತ್ತು, ಮುರಿದ ಮಂಚಗಳನ್ನು ಒಳಗೆ ಒಟ್ಟಿದರು. ಕಾಕಾನನ್ನು ಮನೆಯ ಹತ್ತಿರದ ಕನ್ನಡ ಸಾಲಿಗೆ ಹಾಕಿದರು. ಅಲ್ಲಿಯ ಹುಡುಗರು ಬಂದಾಗಲೂ ಪರೀಕ್ಷೆ ಬರೆಯುತ್ತಿದ್ದರು, ಹೋಗುವಾಗಲೂ ಬರೆಯುತ್ತಿದ್ದರು. ಕಾಕಾನಿಗೆ ಅದರಲ್ಲಿ ರುಚಿಯೇ ಹತ್ತಲಿಲ್ಲ. ಅಷ್ಟು ವರ್ಷ ಅವನು ಕಲಿಸಿದ ಹುಡುಗರು ಎಲ್ಲೆಲ್ಲಿ ಹೋದರೋ, ಏನಾದರೋ, ಅವರಿಗೆ ಬಂದ ನಾಲ್ಕಕ್ಷರ ಉಳಿದವೋ ಅಳಿಸಿದವೋ, ಯಾವ ಕಾಗದದಲ್ಲೂ ಇಲ್ಲ. ನಾನೇ ಬರೆದ ಕಾಗದಗಳಲ್ಲವೇ, ನನಗೆ ಗೊತ್ತು.

ಆದರೆ ಆ ಒಬ್ಬ ಹುಡುಗನ ಪರೀಕ್ಷೆ ಮುಗಿದಿರಲಿಲ್ಲವಲ್ಲ! ಮೂರು ತಿಂಗಳಿಗೊಮ್ಮೆ ಕಾಕಾ ಪ್ರಶ್ನೆಪತ್ರಿಕೆ ತಯಾರಿಸಿ, ಬಗಲಚೀಲ ಹಾಕಿಕೊಂಡು, ಒಂದು ಹಗಲು ಪೂರಾ ಬಸ್ಸಿನಲ್ಲಿ ಕುಳಿತು ಆ ದೂರದ ಸಾಲಿಗೆ ಹೋಗುತ್ತಿದ್ದ. ಕೇಳುವ ಸಾಹೇಬರಿಲ್ಲ, ತುಂಬುವ ಪತ್ರಕವಿಲ್ಲ. ಚಿಗವ್ವ ಬೈಯುತ್ತಲೇ ರೊಟ್ಟಿಯ ಸಂಖ್ಯೆಯನ್ನು ನಾಲ್ಕರಿಂದ ಎಂಟಕ್ಕೆ ಏರಿಸಿದಳು. ಅವನು ತಿರುಗಿ ಬಂದಾಗ ಬಾಗಿಲಲ್ಲೇ ಕೇಳುತ್ತಿದ್ದಳು.

“ಎಷ್ಟ ಬಿದ್ದೂ ರೀ?”

“ಸೊನ್ನಿ!” ಕಾಕಾ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

“ಪುಣ್ಯಾ,” ಎಂದು ಚಿಗವ್ವ ಚಹಾಕ್ಕೆ ಇಡುತ್ತಿದ್ದಳು. ಜಗತ್ತಿನಲ್ಲಿ ಶಿಷ್ಯ ನಾಪಾಸಾದದ್ದಕ್ಕೆ ಚಹಾ ಕುಡಿದ ಮಾಸ್ತರ ಇನ್ನೊಬ್ಬನಿದ್ದರೆ ತೋರಿಸಿ!

ಹೀಗೇ ನಾಲ್ಕು ವರ್ಷ ನಡೆಯಿತು. ನನ್ನ ಮದುವೆಯಾಯಿತು. ಕಾಕಾನ ಮೊಣಕಾಲು ಸೋತವು, ಬಸ್ಸಿನ ಮೆಟ್ಟಿಲು ಹತ್ತಬೇಕಾದರೆ ಯಾರಾದರೂ ಕೈ ಹಿಡಿಯಬೇಕು. ಆದರೂ ಹೋಗುವುದು ಬಿಡಲಿಲ್ಲ. ಒಂದು ವರ್ಷ ಪಂಚಮಿ ಹಬ್ಬಕ್ಕೆಂದು ನಾನು ಕಾಕಾನ ಮನೆಗೆ ಹೋಗಿದ್ದಾಗ ಅವನು ಆ ದೂರದ ಸಾಲಿಯಿಂದ ಆಗ ತಾನೆ ಬಂದಿಳಿದ. ಬಡಿಗೆ ಊರಿಕೊಂಡು ಬಂದು, ಕಟ್ಟೆಯ ಮೇಲೆ ಕುಳಿತು, ಕಾಗದ ಕೊಟ್ಟ. ಹತ್ತು ಪ್ರಶ್ನೆ, ಹತ್ತೂ ಸರಿ. ಕೊನೆಯಲ್ಲಿ ಅದೇ ದುಂಡನೆಯ ಅಕ್ಷರದಲ್ಲಿ ಎರಡು ಸಾಲು. ‘ಪರೀಕ್ಷಿ ಮುಗೀತ್ರಿ ಮಾಸ್ತರ. ಇನ್ನ ಬರಬ್ಯಾಡ್ರಿ.’

ಚಿಗವ್ವ ನನ್ನಿಂದ ಓದಿಸಿ ಕೇಳಿದಳು. “ಹತ್ತಕ್ಕ ಹತ್ತು! ಪಾಸಾದನಲ್ರಿ ಹುಡುಗ! ಪೇಢೆ ಹಂಚೂದ ಬಿಟ್ಟು ಅಳತಾರೇನ್ರಿ?”

ಕಾಕಾ ಟೊಪ್ಪಿಗೆ ತೆಗೆದು ಮುಖ ಮುಚ್ಚಿಕೊಂಡ.

“ನಾ ಕುಂಟೂದ ನೋಡಿ ಪಾಸಾದ್ನಲ್ಲೇ,” ಎಂದ. “ಅದಕ್ಕ ಎಷ್ಟ ಅಂಕ ಕೊಡ್ಲಿ ನಾ?”